ಕಡಲಂಚಿನಿಂದ ಹಿನ್ನೀರಿನ ನಾಡಿಗೆ

ಸಾಸ್ತಾನಕ್ಕೆ ಕಡಲು ಸಮೀಪ. ಆದರೂ ಆ ಊರಿನ ಪೇಟೆಯಲ್ಲಿ ನಿಂತವನ ಕಿವಿಗೆ ಮೊದಲು ಬೀಳುವುದು ಹೆದ್ದಾರಿಯ ಮೊರೆತ. ಮಾಬುಕಳದ ಸೇತುವೆಯನ್ನು ದಾಟಿ ಬಂದು ಕೋಟ, ಕುಂದಾಪುರಗಳತ್ತ ಸಾಗುವ ಈ ರಸ್ತೆಗೆ ಹಿಂದೆ 17 ಎಂಬ ಸಂಖ್ಯೆಯಿತ್ತು. ಈಗ ಅದು 66ನೆಯ ರಾಷ್ಟ್ರೀಯ ಹೆದ್ದಾರಿ. ನಾಲ್ಕು ಪಥಗಳು, ಸುಂಕದ ಕಟ್ಟೆ, ಹಗಲಿರುಳೆನ್ನದೆ ಓಡುವ ಲಾರಿಗಳು, ಬಸ್ಸುಗಳು. ಇದರ ಅಂಚಿನಲ್ಲಿ ಸೈಕಲ್ಲು ತುಳಿಯುವವನು ಜೀವವನ್ನು ಕೈಯಲ್ಲಿ ಹಿಡಿದೇ ತುಳಿಯಬೇಕು.

ಹೆದ್ದಾರಿಗೆ ಬೆನ್ನುಹಾಕಿ ಮೂಡಲಿಗೆ ತಿರುಗಿದರೆ ನೋಟವೇ ಬೇರೆ. ಗದ್ದೆಯ ಬೈಲುಗಳು, ತೆಂಗಿನ ತೋಟಗಳು, ನೆರಳು ತುಂಬಿದ ಹಾಡಿಗಳು. ಅವುಗಳ ನಡುವೆ ಡಾಂಬರು ಕಾಣದ ಮುರಕಲ್ಲಿನ ಕೆಂಪು ದಾರಿಗಳು. ದಿಗಂತದಲ್ಲಿ ಸಹ್ಯಾದ್ರಿಯ ನೀಲಿ ಸಾಲು. ಮೋಟಾರುಗಳ ಕಾಟವಿಲ್ಲದ ಇಂಥ ಜಲ್ಲಿಹಾದಿಗಳನ್ನು ಹುಡುಕಿಕೊಂಡು ಬೆಟ್ಟ, ಕಾಡು, ಸರೋವರಗಳ ಸೀಮೆಯಲ್ಲಿ ಸೈಕಲ್ ಸವಾರಿ ಹೋಗುವ ಹವ್ಯಾಸ ಇಂದು ಅನೇಕ ದೇಶಗಳಲ್ಲಿ ಬೆಳೆದಿದೆ.

ಇಟಲಿಯ ಟಸ್ಕನಿ ಪ್ರಾಂತದಲ್ಲಿ ದ್ರಾಕ್ಷಿತೋಟಗಳ ನಡುವಣ ಬಿಳಿಯ ಜಲ್ಲಿರಸ್ತೆಗಳು ಒಂದೊಂದಾಗಿ ಡಾಂಬರಿನಡಿ ಮರೆಯಾಗತೊಡಗಿದಾಗ, ಅವುಗಳನ್ನು ಉಳಿಸಬೇಕೆಂಬ ಹಂಬಲದಿಂದ ಗಯೋಲೆ ಎಂಬ ಊರಿನಲ್ಲಿ 1997ರಲ್ಲಿ ‘ಲೆರೋಯಿಕಾ’ ಎಂಬ ಸೈಕಲ್ ಯಾತ್ರೆ ಆರಂಭವಾಯಿತು. ಹಳೆಯ ಸೈಕಲ್ಲುಗಳನ್ನೇರಿ ಹಳೆಯ ರಸ್ತೆಗಳಲ್ಲಿ ಸಾಗುವುದು ಅದರ ನಿಯಮ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾದಲ್ಲಿ 2006ರಿಂದ 200 ಮೈಲಿಗಳ ಜಲ್ಲಿಹಾದಿಯ ಪಂದ್ಯ ನಡೆಯತೊಡಗಿತು. 2022ರಲ್ಲಿ ಇಟಲಿಯ ವೆನೆಟೊದಲ್ಲಿ ಇದೇ ಬಗೆಯ ಸವಾರಿಗೆ ಮೊದಲ ವಿಶ್ವ ಚಾಂಪಿಯನ್‌ಷಿಪ್ ಏರ್ಪಟ್ಟಿತು.

ಈ ಸವಾರಿಗೆಂದೇ ಇಂದು ತಯಾರಾಗುವ ಸೈಕಲ್ಲುಗಳ ಟಯರಿನ ಅಗಲ ಸಾಮಾನ್ಯವಾಗಿ 40 ಮಿಲಿಮೀಟರಿನ ಆಸುಪಾಸು. ಅಂಗಡಿಯಲ್ಲಿ ಅದರ ಬೆಲೆ ಕೇಳಿದವರು ಬೆಚ್ಚಬಹುದು. ಆದರೆ ನಮ್ಮ ನಾಡಿನಲ್ಲಿ ಅಂಚೆಯವನೂ, ಮೀನು ಮಾರುವವನೂ, ಶಾಲೆಯ ಮೇಷ್ಟರೂ ಏರುತ್ತಿದ್ದ ಕರಿಯ ಸೈಕಲ್ಲಿನ ಟಯರು ಒಂದೂವರೆ ಇಂಚು, ಎಂದರೆ 38 ಮಿಲಿಮೀಟರು! ಡಾಂಬರು ಅಪರೂಪವಾಗಿದ್ದ ಕಾಲದ ಸೈಕಲ್ಲು ಜಲ್ಲಿಗೆ ಒಗ್ಗಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಹೊಸದರಲ್ಲಿ ಹೆಚ್ಚಿನದಾಗಿರುವುದು ಹಗುರವಾದ ಮೈ, ಏರು ಹತ್ತಲು ಗೇರುಗಳು, ಇಳಿಜಾರಿನಲ್ಲಿ ಕೈಕೊಡದ ಬ್ರೇಕುಗಳು. ಘಟ್ಟ ಹತ್ತುವವನಿಗೆ ಈ ಮೂರೂ ಸಣ್ಣ ಸಂಗತಿಗಳಲ್ಲ.

ಎತ್ತುಗಳು ಏರಿದ ದಾರಿ

ಸಾಸ್ತಾನದ ಕಡೆಯಿಂದ ಹೊರಟು ಸಾಯ್ಬ್ರಕಟ್ಟೆ, ಹಾಲಾಡಿ, ಶಂಕರನಾರಾಯಣ, ಸಿದ್ದಾಪುರಗಳನ್ನು ಹಾದರೆ ಹೊಸಂಗಡಿ ಸಿಗುತ್ತದೆ. ಅಲ್ಲಿಗೆ ಘಟ್ಟದ ಬುಡ ಮುಟ್ಟಿದಂತೆ. ಕೆಳದಿಯ ಅರಸರು ಬಿದನೂರಿನಿಂದ ಆಳುತ್ತಿದ್ದಾಗ ಮಲೆನಾಡಿಗೂ ಬಸ್ರೂರು, ಕುಂದಾಪುರಗಳ ರೇವಿಗೂ ಸಂಬಂಧ ಬೆಸೆದಿದ್ದುದು ಈ ಭಾಗದ ಘಟ್ಟದ ದಾರಿಗಳೇ. ಹೇರೆತ್ತುಗಳ ಬೆನ್ನಮೇಲೆ ಅಕ್ಕಿ, ಮೆಣಸು ಕೆಳಗಿಳಿಯುತ್ತಿದ್ದುವು, ಉಪ್ಪು ಮೇಲೇರುತ್ತಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರವೆಂದು ಕರೆದನು. ಇಂದಿನ ನಗರ ಅದೇ. 1783ರಲ್ಲಿ ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸ್ ಕುಂದಾಪುರದಿಂದ ಹೊಸಂಗಡಿಯ ಘಟ್ಟವನ್ನೇರಿ ಆ ನಗರವನ್ನು ಹಿಡಿದನು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದನು.

ಇಂದು ಹುಲಿಕಲ್ ಘಟ್ಟದ ರಸ್ತೆ ಡಾಂಬರಿನದು, ವಾಹನಗಳೂ ಉಂಟು. ಸವಾರನು ಬೆಳಕು ಹರಿಯುವಾಗಲೇ ಇದನ್ನು ಹತ್ತಿ ಮುಗಿಸುವುದು ಒಳ್ಳೆಯದು. ಮೇಲೆ ಮಾಸ್ತಿಕಟ್ಟೆ ತಲುಪಿದಾಗ ಸೆಕೆ ಹಿಂದಾಗಿ, ತಂಪು ಗಾಳಿ ಎದುರುಗೊಳ್ಳುತ್ತದೆ. ವಾರಾಹಿ ನದಿಗೆ ಕಟ್ಟಿದ ಮಾಣಿ ಜಲಾಶಯ ಇಲ್ಲಿಗೆ ಸಮೀಪ. ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರದಿಂದ ಸುಮಾರು 594 ಮೀಟರು ಎತ್ತರ. ಆ ನೀರೇ ಕೆಳಗಿಳಿದು, ಹೊಸಂಗಡಿಯ ಬಳಿ ನೆಲದೊಳಗಿರುವ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಬೆವರು ಸುರಿಸಿ ಸವಾರನು ಏರಿದ ಎತ್ತರವನ್ನು ನೀರು ನಿಮಿಷಗಳಲ್ಲಿ ಇಳಿದು ಬೆಳಕಾಗುತ್ತದೆ.

ಇಲ್ಲಿಂದ ಮುಂದಿನದು ಹಿನ್ನೀರಿನ ನಾಡು. ಮಾಣಿಯಲ್ಲದೆ ಚಕ್ರಾ, ಸಾವೆಹಕ್ಲು ಜಲಾಶಯಗಳು ಈ ಸೀಮೆಯಲ್ಲಿವೆ. ನಗರ, ನಿಟ್ಟೂರು, ಸಂಪೆಕಟ್ಟೆಗಳ ಮೂಲಕ ಉತ್ತರಕ್ಕೆ ಸಾಗಿದರೆ ಶರಾವತಿಯ ಲಿಂಗನಮಕ್ಕಿ ಹಿನ್ನೀರು ಎದುರಾಗುತ್ತದೆ. ಮುಖ್ಯರಸ್ತೆಯಿಂದ ಒಳಹೊಕ್ಕರೆ ಅಡಕೆ ತೋಟ, ಕಾಡು, ಗುಡ್ಡ, ನೀರು. ಗಂಟೆಗಟ್ಟಲೆ ತುಳಿದರೂ ಒಂದು ಲಾರಿ ಎದುರಾಗದ ಮಣ್ಣಿನ ದಾರಿಗಳು.

ನೀರಿಗಿಳಿಯುವ ರಸ್ತೆ

ಈ ದಾರಿಗಳು ಇಷ್ಟು ನಿರ್ಜನವಾಗಿರುವುದೇಕೆ ಎಂದು ಸವಾರನು ಒಮ್ಮೆ ಕೇಳಿಕೊಳ್ಳಬೇಕು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದಾಗ ಅದಕ್ಕೆ ನೀರೊದಗಿಸಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆಯಿತ್ತು. 1964ರಲ್ಲಿ ಅದಕ್ಕಿಂತ ಬಹು ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟೆ ಎದ್ದಿತು. ಅದರ ಹಿನ್ನೀರು ಸುಮಾರು 300 ಚದರ ಕಿಲೋಮೀಟರು ನೆಲವನ್ನು ಆವರಿಸಿತು; ಹಿರೇಭಾಸ್ಕರ ಅಣೆಕಟ್ಟೆಯೇ ಅದರೊಳಗೆ ಮುಳುಗಿತು. ಅದರೊಂದಿಗೆ ಗದ್ದೆ, ತೋಟ, ಮನೆ, ಗುಡಿಗಳೂ, ಊರಿಂದೂರಿಗೆ ಹೋಗುತ್ತಿದ್ದ ರಸ್ತೆಗಳೂ ಮುಳುಗಿದುವು. ಸಾವಿರಾರು ಕುಟುಂಬಗಳು ಬೇರೆಡೆಗೆ ತೆರಳಬೇಕಾಯಿತು. ಕಡು ಬೇಸಗೆಯಲ್ಲಿ ನೀರು ಇಳಿದಾಗ ಆ ಹಳೆಯ ಅಣೆಕಟ್ಟೆಯ ಕಲ್ಲಿನ ಮೈ, ಹಳೆಯ ರಸ್ತೆಯ ಗುರುತು ಇಂದಿಗೂ ಹೊರಗೆ ಕಾಣುತ್ತವೆ. ಮಳೆ ಹಿಡಿದರೆ ಆ ರಸ್ತೆ ಮತ್ತೆ ನೀರಿಗಿಳಿಯುತ್ತದೆ.

ಪಟ್ಟಣದಿಂದ ಬಂದವನು ಹಂಬಲಿಸುವ ಮೌನ ಹೀಗೆ ದೊರೆತದ್ದು. ನೀರಿನಿಂದ ಸುತ್ತುವರಿಯಲ್ಪಟ್ಟ ತುಮರಿ, ಕರೂರು ಸೀಮೆಯ ಜನ ಸಾಗರದ ಪೇಟೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗಲು ದಶಕಗಳ ಕಾಲ ಲಾಂಚಿಗಾಗಿ ಕಾದರು. ಕತ್ತಲಾದ ಮೇಲೆ ಯಾರಿಗಾದರೂ ಕಾಯಿಲೆ ಜೋರಾದರೆ ಮನೆಮಂದಿಯ ಪಾಡು ದೇವರೇ ಬಲ್ಲ. ಎರಡು ಕಿಲೋಮೀಟರಿಗೂ ಮೀರಿದ ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಅಷ್ಟರಲ್ಲಿ ಅಣೆಕಟ್ಟೆಗೆ 61 ವರ್ಷ ತುಂಬಿತ್ತು. ಸೇತುವೆಯಿಂದ ಈ ಸೀಮೆಯ ಪ್ರಶಾಂತತೆ ಕೆಟ್ಟೀತೆಂದು ಮರುಗುವ ಪ್ರವಾಸಿಗನು, ಲಾಂಚಿನ ಕಟ್ಟೆಯಲ್ಲಿ ಮಳೆಗೆ ನೆನೆಯುತ್ತ ನಿಂತ ಗರ್ಭಿಣಿಯೊಬ್ಬಳನ್ನು ಮನಸ್ಸಿಗೆ ತಂದುಕೊಳ್ಳಲಿ. ಆ ಮರುಕ ತಾನಾಗಿ ಅಡಗುವುದು.

ಟಸ್ಕನಿಯ ಮಾದರಿಯನ್ನು ಮಲೆನಾಡಿಗೆ ಹಾಗೆಯೇ ತರಲಾಗದು ಎಂಬುದಕ್ಕೆ ಇದೇ ಕಾರಣ. ಅಲ್ಲಿಯ ರೈತನಿಗೆ ಮಣ್ಣಿನ ರಸ್ತೆ ಆಗುಂಬೆಯ ಮಳೆಯನ್ನು ಎದುರಿಸುವ ಪರೀಕ್ಷೆಯಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಈ ಸೀಮೆಯಲ್ಲಿ ಮನೆಯಂಗಳದವರೆಗೆ ಗಟ್ಟಿ ರಸ್ತೆ ಬೇಕೆಂದು ಊರವರು ಕೇಳುವುದು ಭೋಗದ ಮಾತಲ್ಲ. ಆದರೆ ನಿತ್ಯದ ಭಾರ ಕಳಚಿಕೊಂಡ ದಾರಿಗಳೂ ಇಲ್ಲಿ ಬೇಕಾದಷ್ಟಿವೆ. ಹೊಸ ಮಾರ್ಗ ಬಂದಮೇಲೆ ಮೂಲೆಗೆ ಬಿದ್ದ ಗಾಡಿದಾರಿಗಳು, ಹಾಡಿಯ ಅಂಚಿನ ಹಾದಿಗಳು, ನೀರಂಚಿಗೆ ಹೋಗಿ ನಿಲ್ಲುವ ತುಂಡು ರಸ್ತೆಗಳು ಅಂಥವು. ಇವಕ್ಕೆ ಡಾಂಬರೂ ಬೇಡ, ಅಗಲೀಕರಣವೂ ಬೇಡ. ಪಂಚಾಯಿತಿಗಳು ಇವನ್ನು ಗುರುತಿಸಿ, ಬೇಲಿಗೂ ಒತ್ತುವರಿಗೂ ತುತ್ತಾಗದಂತೆ ಕಾದರೆ ಸಾಕು. ಸೈಕಲ್ಲಿಗೂ ಕಾಲ್ನಡಿಗೆಗೂ ಅವು ಉಳಿಯುತ್ತವೆ.

ಹೊರಡುವವರಿಗೆ ಕೆಲವು ಮಾತು

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಈ ಸವಾರಿಗೆ ಹಿತ. ಮಳೆಗಾಲದಲ್ಲಿ ಇಂಬಳದ ಕಾಟ, ಜಾರುವ ಪಾಚಿ, ಕುಸಿಯುವ ಧರೆ. ಮುರಕಲ್ಲಿನ ದಾರಿಯಲ್ಲಿ ಬಟಾಣಿ ಗಾತ್ರದ ಕೆಂಪು ಹರಳುಗಳು ಚಕ್ರದಡಿ ಉರುಳುತ್ತವೆ. ಟಯರಿನ ಗಾಳಿಯನ್ನು ತುಸು ಕಡಿಮೆ ಮಾಡಿಕೊಂಡು, ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ತಿರುವಿನಲ್ಲಿ ಮುಂದಿನ ಬ್ರೇಕನ್ನು ಹಿಡಿದರೆ ಬೀಳುವುದು ಖಂಡಿತ. ಘಟ್ಟದ ಕಾಡಿನ ಬಹುಭಾಗ ಮೂಕಾಂಬಿಕಾ, ಸೋಮೇಶ್ವರ ವನ್ಯಜೀವಿಧಾಮಗಳಿಗೆ ಸೇರಿದ್ದು. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಒಳದಾರಿಗಳಿಗೆ ನುಗ್ಗಬಾರದು. ಅಣೆಕಟ್ಟೆಗಳ ಆವರಣಕ್ಕೂ ಇದೇ ಮಾತು.

ಇನ್ನೊಂದು ಎಚ್ಚರಿಕೆ ಮನೆಯವರೆಲ್ಲರೂ ತಿಳಿಯಬೇಕಾದುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈ ಕಾಡುಗಳಲ್ಲಿ ಇನ್ನೂ ಇದೆ. ಉಣುಗುಗಳ ಕಡಿತದಿಂದ ಅದು ಮನುಷ್ಯರಿಗೆ ಹರಡುತ್ತದೆ. ಒಣಹವೆಯ ತಿಂಗಳುಗಳಲ್ಲೇ ಅದರ ಹಾವಳಿ ಹೆಚ್ಚು. ಮಂಗ ಸತ್ತ ಸುದ್ದಿಯಿರುವ ಕಾಡಿನತ್ತ ಸುಳಿಯಬಾರದು. ಮೈತುಂಬ ಬಟ್ಟೆ ತೊಡಬೇಕು, ತರಗೆಲೆಯ ಮೇಲೆ ಕೂರಬಾರದು, ಮರಳಿದ ಕೂಡಲೆ ಬಿಸಿನೀರಿನ ಸ್ನಾನ ಮಾಡಬೇಕು. ಬಳಿಕ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಬೇಕು.

ದಾರಿಯಲ್ಲಿ ಎದುರಾದವರನ್ನು ಕಂಡಾಗ ಇಳಿದು ನಾಲ್ಕು ಮಾತಾಡುವಷ್ಟು ಸಮಯ ಸವಾರನಲ್ಲಿ ಇರಲಿ. ಮುಳುಗಿದ ಊರು ಎಲ್ಲಿತ್ತು, ಹಳೆಯ ರಸ್ತೆ ಎತ್ತ ಹೋಗುತ್ತಿತ್ತು ಎಂದು ಕೈತೋರಿ ಹೇಳಬಲ್ಲ ಹಿರಿಯರು ಹಿನ್ನೀರಿನ ಅಂಚಿನಲ್ಲಿ ಇನ್ನೂ ಇದ್ದಾರೆ. ಮೋಟಾರಿನಲ್ಲಿ ಸಾಗುವವನಿಗೆ ಅವರ ದನಿ ಕೇಳಿಸದು. ಸೈಕಲ್ಲಿನವನಿಗೆ ಕೇಳಿಸುತ್ತದೆ.