ಹೊಸದಾಗಿ ಕಟ್ಟಿಸಿದ ಡೀಸೆಲ್ ಎಂಜಿನ್ನು ಬಡಿದುಕೊಂಡರೆ



ಗುಬ್ಬಿ ತಾಲ್ಲೂಕಿನ ನಿಟ್ಟೂರು ಕಡೆಯ ತೋಟದ ಯಜಮಾನರೊಬ್ಬರು ತಮ್ಮ ಹಳೆಯ ಡೀಸೆಲ್ ಕಾರಿನ ಎಂಜಿನ್ನು ಬೋರಿಗೆ ಬಂದುದರಿಂದ ಅದನ್ನು ತುಮಕೂರಿನಲ್ಲಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದರು. ಅಡಿಕೆ ಮಾರಿದ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಕಾರು ಮನೆಗೆ ಬಂದ ಮೂರನೆಯ ದಿನ ಬಾನೆಟ್ಟಿನೊಳಗಿಂದ ಸುತ್ತಿಗೆಯಲ್ಲಿ ಬಡಿದಂತೆ ಶಬ್ದ ಬರತೊಡಗಿತು. ನೆರೆಹೊರೆಯವರು "ಬೇರಿಂಗು ಹೋಗಿದೆ, ಮತ್ತೆ ಬಿಚ್ಚಲೇಬೇಕು" ಎಂದರು. ಎಂಜಿನ್ನು ಕಟ್ಟಿದವರು ಫೋನಿನಲ್ಲೇ "ನಾಲ್ಕು ದಿನ ಓಡಿಸಿ, ತಾನೇ ಸರಿಹೋಗುತ್ತದೆ" ಎಂದರು. ಎರಡೂ ಎಂಜಿನ್ನಿಗೆ ಕಿವಿಗೊಡದೆ ಹೇಳಿದ ಮಾತುಗಳು.

ನಾನು ಮೆಕ್ಯಾನಿಕ್ಕನಲ್ಲ. ಬೇಸಾಯದ ಡಿಪ್ಲೊಮಾ ಓದುವಾಗ ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನನ್ನು ಬಿಚ್ಚಿ ಜೋಡಿಸಿದ್ದೆ, ಅಷ್ಟೇ. ಆದರೆ ಪಂಪ್‌ಸೆಟ್ಟಿನಲ್ಲಿ ಒಂದೇ ಸಿಲಿಂಡರು, ಕಾರಿನಲ್ಲಿ ಸಾಮಾನ್ಯವಾಗಿ ನಾಲ್ಕು. ಕೆಲಸ ಮಾಡುವ ಬಗೆ ಒಂದೇ. ಗುಬ್ಬಿಯಿಂದ ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿ, ಬಿಚ್ಚುವ ಮಾತನ್ನು ಬದಿಗಿಟ್ಟು, ಶಬ್ದ ಯಾವ ಸಿಲಿಂಡರಿನದು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡೆವು.

ಮಾಡಿದ್ದು ಇಷ್ಟು. ಎಂಜಿನ್ನು ನಿಧಾನವಾಗಿ ಓಡುತ್ತಿರುವಾಗ, ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಪೈಪಿನ ನಟ್ಟನ್ನು, ಇಂಜೆಕ್ಟರಿನ ಬಳಿ, ಅರ್ಧ ಸುತ್ತು ಸಡಿಲಿಸುವುದು. ಆ ಸಿಲಿಂಡರಿಗೆ ಡೀಸೆಲ್ ಹೋಗುವುದು ನಿಲ್ಲುತ್ತದೆ, ಎಂಜಿನ್ನು ಕುಂಟುತ್ತದೆ. ಮತ್ತೆ ಬಿಗಿಮಾಡಿ ಮುಂದಿನದಕ್ಕೆ ಹೋಗುವುದು. ಒಂದನೆಯದನ್ನೂ ಎರಡನೆಯದನ್ನೂ ಸಡಿಲಿಸಿದಾಗ ಬಡಿತ ಹಾಗೆಯೇ ಇತ್ತು. ಮೂರನೆಯದನ್ನು ಸಡಿಲಿಸಿದೊಡನೆ ನಿಂತಿತು. "ಸಿಕ್ಕಿತಲ್ಲ ಸ್ವಾಮಿ, ಮೂರನೇ ಬೇರಿಂಗು!" ಎಂದು ಯಜಮಾನರು ತಲೆಯ ಮೇಲೆ ಕೈ ಇಟ್ಟುಕೊಂಡರು.

ಅಲ್ಲೇ ಅವಸರ ಕೂಡದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ಗಿಲ್ಲ. ಪಿಸ್ಟನ್ನು ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಆ ಗಾಳಿ ಕಾದು 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ, ಅದರೊಳಗೆ ಮಂಜಿನಂತೆ ಚಿಮ್ಮಿದ ಡೀಸೆಲ್ ತಾನೇ ಹತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಇಂಜೆಕ್ಟರಿನ ನಾಜಲ್ ಕೆಟ್ಟು ಮಂಜಿನ ಬದಲು ಹನಿ ಹನಿಯಾಗಿ ಸುರಿಸಿದರೆ, ಎಣ್ಣೆ ಹತ್ತಿಕೊಳ್ಳಲು ತಡವಾಗಿ, ಸೇರಿದ್ದೆಲ್ಲ ಒಮ್ಮೆಲೇ ಉರಿದು ಪಿಸ್ಟನ್ನನ್ನು ಬಡಿಯುತ್ತದೆ. ಹೊಗೆಯಾಡುತ್ತಿರುವ ಒಲೆಗೆ ಸೀಮೆಎಣ್ಣೆ ಸುರಿದಾಗ 'ಭುಗ್' ಎನ್ನುವುದಿಲ್ಲವೆ, ಹಾಗೆ. ಕನೆಕ್ಟಿಂಗ್ ರಾಡಿನ ಬೇರಿಂಗು ಸಡಿಲವಾಗಿದ್ದರೂ ಆ ಸಿಲಿಂಡರಿನ ಡೀಸೆಲ್ ನಿಂತಾಗ ಬಡಿತ ತಗ್ಗುತ್ತದೆ. ಇವೆರಡನ್ನು ಬೇರ್ಪಡಿಸುವ ಬಗೆ ಹೇಗೆ?

ಮೂರನೆಯ ಇಂಜೆಕ್ಟರನ್ನು ಎರಡನೆಯ ಜಾಗಕ್ಕೂ ಎರಡನೆಯದನ್ನು ಮೂರನೆಯ ಜಾಗಕ್ಕೂ ಅದಲುಬದಲು ಮಾಡಿದೆವು. ಅಡಿಯ ವಾಷರುಗಳನ್ನು ಹೊಸದಾಗಿ ಹಾಕಿದೆವು. ಎಂಜಿನ್ನು ಹೊತ್ತಿಸಿದಾಗ ಬಡಿತ ಎರಡನೆಯ ಸಿಲಿಂಡರಿಗೆ ಹೋಗಿತ್ತು. ಬೇರಿಂಗಿನ ತಪ್ಪಾಗಿದ್ದರೆ ಅದು ಇಂಜೆಕ್ಟರಿನ ಹಿಂದೆ ನಡೆದುಹೋಗುತ್ತಿರಲಿಲ್ಲ. ಎಂಜಿನ್ನು ಕಟ್ಟಿದವರು ಪಿಸ್ಟನ್ನು, ರಿಂಗು, ಬೇರಿಂಗು ಎಲ್ಲವನ್ನೂ ಹೊಸದಾಗಿ ಹಾಕಿ, ಹಳೆಯ ಇಂಜೆಕ್ಟರುಗಳನ್ನು ಪರೀಕ್ಷಿಸದೆ ಹಾಗೆಯೇ ಕೂರಿಸಿದ್ದರು. ತುಮಕೂರಿನ ಡೀಸೆಲ್ ಪಂಪಿನ ಅಂಗಡಿಯಲ್ಲಿ ನಾಲ್ಕನ್ನೂ ಪರೀಕ್ಷಿಸಿ ಒಂದು ನಾಜಲ್ ಬದಲಿಸಿದರು. ಅರ್ಧ ದಿನದ ಕೆಲಸ.

ಕುಣಿಗಲ್ಲಿನ ಕಡೆಯ ಇನ್ನೊಂದು ಕಾರಿನ ಸಂಗತಿ ಹೀಗಾಗಲಿಲ್ಲ. ಅದೂ ಹೊಸದಾಗಿ ಕಟ್ಟಿಸಿದ್ದೇ. ತಣ್ಣಗಿದ್ದಾಗ ಸದ್ದಿಲ್ಲ, ಬಿಸಿಯಾದಂತೆ ಬಡಿತ ಹೆಚ್ಚುತ್ತಿತ್ತು, ನಿಂತಲ್ಲಿ ಆಯಿಲ್ ದೀಪ ಮಿನುಗುತ್ತಿತ್ತು. ಕಟ್ಟಿದವರಿಗೇ ತೋರಿಸೋಣವೆಂದು ತುಮಕೂರಿಗೆ ಓಡಿಸಿಕೊಂಡು ಹೊರಟರು. ಹೆಬ್ಬೂರು ಮುಟ್ಟುವ ಮೊದಲೇ ರಾಡು ಮುರಿದು ಬ್ಲಾಕಿನ ಗೋಡೆಯನ್ನು ತೂತುಮಾಡಿತು. ಬಿಚ್ಚಿ ನೋಡಿದಾಗ ಕಂಡದ್ದು, ಕ್ರ್ಯಾಂಕನ್ನು 0.25 ಮಿ.ಮೀ. ಅರೆದಿದ್ದರೂ ಒಂದು ರಾಡಿಗೆ ಮೊದಲಿನ ಅಳತೆಯ ಬೇರಿಂಗನ್ನೇ ಹಾಕಿದ್ದರು. ಅಲ್ಲಿ ಇರಬೇಕಾದ ಸಂದು ತಲೆಗೂದಲಿನ ದಪ್ಪದಷ್ಟು ಮಾತ್ರ. ಬಡಿತದ ಜೊತೆಗೆ ಆಯಿಲ್ ಒತ್ತಡವೂ ಇಳಿದಿದ್ದರೆ ಎಂಜಿನ್ನನ್ನು ಅಲ್ಲೇ ನಿಲ್ಲಿಸಿ, ಕಾರನ್ನು ಎಳೆಸಿಕೊಂಡು ಹೋಗಬೇಕು. ಎಳೆಸುವ ಬಾಡಿಗೆ ಹೊಸ ಬ್ಲಾಕಿನ ಬೆಲೆಯ ಮುಂದೆ ಏನೂ ಅಲ್ಲ.

ಪೈಪು ಸಡಿಲಿಸಿದರೂ ಬದಲಾಗದ ಸದ್ದುಗಳೂ ಉಂಟು. ವಾಲ್ವಿನ ಟ್ಯಾಪೆಟ್ಟು ಸಡಿಲವಾಗಿದ್ದರೆ ಹೊಲಿಗೆ ಯಂತ್ರದಂತೆ 'ಟಿಕ್ ಟಿಕ್' ಎನ್ನುತ್ತದೆ. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಒಂದು ವಾಲ್ವಿನಿಂದ ಒಂದು ಸದ್ದು. ನಾಲ್ಕೂ ಸಿಲಿಂಡರುಗಳು ಒಂದೇ ಸಮನಾಗಿ ಬಡಿಯುತ್ತಿದ್ದರೆ ಪಂಪಿನ ಟೈಮಿಂಗು ಮುಂದಾಗಿದೆಯೆ, ಬೆಲ್ಟು ಒಂದು ಹಲ್ಲು ತಪ್ಪಿ ಕೂತಿದೆಯೆ ಎಂದು ನೋಡಿಸಬೇಕು. ಮೊದಲ ಸಲ ಹೊತ್ತಿಸಿದಾಗಲೇ ಲೋಹಕ್ಕೆ ಲೋಹ ತಾಗಿದ ಸದ್ದು ಬಂದರೆ, ಹೆಡ್ಡನ್ನು ಅರೆದ ಮೇಲೆ ತೆಳುವಾದ ಗ್ಯಾಸ್ಕೆಟ್ಟು ಹಾಕಿ, ಪಿಸ್ಟನ್ನು ವಾಲ್ವಿಗೆ ತಾಗುತ್ತಿರಬಹುದು. ಒಂದು ನಿಮಿಷವೂ ಓಡಿಸಕೂಡದು. ಅನೇಕ ಎಂಜಿನ್ನುಗಳ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ದಪ್ಪವನ್ನು ಸೂಚಿಸುವ ಕಚ್ಚು ಅಥವಾ ತೂತುಗಳಿರುತ್ತವೆ. ಹಳೆಯ ಗ್ಯಾಸ್ಕೆಟ್ಟನ್ನು ಎಸೆಯಲು ಬಿಡಬೇಡಿ.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಾಗಿತ್ತು. ಪೈಪು ಸಡಿಲಿಸುವ ಪರೀಕ್ಷೆ ಹಳೆಯ ಮಾದರಿಯ ಪಂಪಿರುವ ಎಂಜಿನ್ನುಗಳಿಗೆ ಮಾತ್ರ: 1994ರಲ್ಲಿ ಬಂದ ಮೊದಲ ಸುಮೊ, 1998ರ ಇಂಡಿಕಾ ಇಂಥವು. ಈಚಿನ ಕಾಮನ್ ರೇಲ್ ಎಂಜಿನ್ನುಗಳ ಪೈಪಿನಲ್ಲಿ 1000 ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಕಾರಿನ ಚಕ್ರದಲ್ಲಿ ಇರುವುದು ಸುಮಾರು 2 ಬಾರ್. ಅಂಥ ಎಂಜಿನ್ನು ಓಡುತ್ತಿರುವಾಗ ನಟ್ಟನ್ನು ಮುಟ್ಟಲೇಬೇಡಿ. ಅದನ್ನು ಕಂಪ್ಯೂಟರ್ ಜೋಡಿಸಿ ನೋಡುವವರಲ್ಲಿಗೆ ಒಯ್ಯಿರಿ. ಹಳೆಯದರಲ್ಲಿಯೂ ಕಣ್ಣಿಗೆ ಕನ್ನಡಕ ಇರಲಿ, ನಟ್ಟಿನ ಮೇಲೆ ಬಟ್ಟೆ ಇರಲಿ, ಕೈ ಅಡ್ಡ ಇಡಬೇಡಿ. ಚಿಮ್ಮಿದ ಡೀಸೆಲ್ ಚರ್ಮದೊಳಗೆ ನುಗ್ಗಿದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಕೈಯೇ ಕೊಳೆಯಬಹುದು. ನೋವಿಲ್ಲವೆಂದು ಕೂರದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಎಂಜಿನ್ನು ಕಟ್ಟಿಸುವವರು ಹಣ ಕೊಡುವ ಮುನ್ನ ಕ್ರ್ಯಾಂಕು ಎಷ್ಟು ಅರೆದಿರಿ, ಯಾವ ಅಳತೆಯ ಬೇರಿಂಗು ಹಾಕಿದಿರಿ, ಇಂಜೆಕ್ಟರುಗಳ ಪರೀಕ್ಷೆ ಆಯಿತೆ ಎಂದು ಕೇಳಿ ಬಿಲ್ಲಿನ ಹಿಂದೆಯೇ ಬರೆಸಿಕೊಳ್ಳಬೇಕು. ನಿಟ್ಟೂರಿನ ಯಜಮಾನರು ಈಗ ಆ ಚೀಟಿಯನ್ನು ಪಹಣಿಯ ಜೊತೆಯಲ್ಲೇ ಇಟ್ಟುಕೊಂಡಿದ್ದಾರೆ.