ಉಕ್ಕಿನ ಕಂಪನಿ, ಊರಿನ ತಂಡ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟು ಆಡುವ ಫುಟ್‌ಬಾಲ್ ತಂಡಕ್ಕೂ ನಮ್ಮ ಕಲ್ಯಾಣ ಕರ್ನಾಟಕಕ್ಕೂ ಒಂದು ನಂಟಿದೆ. ಕಲಬುರಗಿಯಲ್ಲಿ ಆ ನಂಟಿನ ಮಾತು ಎತ್ತುವವರು ಕಡಿಮೆ. ಬೆಂಗಳೂರು ಫುಟ್‌ಬಾಲ್ ಕ್ಲಬ್ಬನ್ನು, ಅಂದರೆ ಬೆಂಗಳೂರು ಎಫ್‌ಸಿಯನ್ನು ಕಟ್ಟಿದ್ದು ಜೆಎಸ್‌ಡಬ್ಲ್ಯು ಸಮೂಹ. ಆ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ. ನಮ್ಮ ಸೀಮೆಯ ಅದಿರು ಕರಗಿ ಹುಟ್ಟಿದ ಹಣದಿಂದ ರಾಜಧಾನಿಯಲ್ಲಿ ಒಂದು ತಂಡ ನಿಂತಿತು, ಏಷ್ಯಾ ಮಟ್ಟದ ಫೈನಲ್‌ವರೆಗೂ ಹೋಯಿತು. ಅದರ ಕಥೆಯನ್ನು ಇಲ್ಲಿಯ ಓದುಗರು ತಮ್ಮದೆಂದೇ ಓದಬೇಕು ಎಂಬುದು ನನ್ನ ಆಸೆ.

ಕ್ಲಬ್ ಹುಟ್ಟಿದ್ದು 2013ರ ಜುಲೈನಲ್ಲಿ. ಆ ಹೊತ್ತಿಗೆ ಭಾರತದ ಫುಟ್‌ಬಾಲ್‌ನಲ್ಲಿ ಕಂಪನಿ ತಂಡಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದವು. ಮುಂಬೈಯ ಮಹೀಂದ್ರಾ ಯುನೈಟೆಡ್ 2010ರಲ್ಲಿ ನಿಂತಿತು. ಮೊದಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ಪಂಜಾಬಿನ ಜೆಸಿಟಿ 2011ರಲ್ಲಿ ನಿಂತಿತು. ಬೆಂಗಳೂರಿನ ಎಚ್‌ಎಎಲ್ ತಂಡ ಐ-ಲೀಗ್‌ನಿಂದ 2012ರಲ್ಲಿ ಕೆಳಗಿಳಿಯಿತು. ಅದಕ್ಕೂ ಮುಂಚೆ ಐಟಿಐ ರಾಷ್ಟ್ರೀಯ ಲೀಗ್‌ನಲ್ಲಿ ಆಡಿ ಮರೆಯಾಗಿತ್ತು. ಒಂದು ಕಾಲಕ್ಕೆ ಬೆಂಗಳೂರಿನ ಫುಟ್‌ಬಾಲ್ ಎಂದರೆ ಈ ಕಾರ್ಖಾನೆಗಳ, ಸೇನಾ ಪಡೆಗಳ ತಂಡಗಳೇ. ಹುಡುಗ ಚೆನ್ನಾಗಿ ಆಡಿದರೆ ನೌಕರಿ, ನೌಕರಿಯ ಜೊತೆ ಆಟ. ಆಟಗಾರನ ಮನೆಗೆ ಅದು ಭದ್ರತೆ. ಆದರೆ ಆಡಳಿತ ಕಚೇರಿಯಲ್ಲಿ ಯಾರೋ ಒಬ್ಬರು ಖರ್ಚು ಕಡಿಮೆ ಮಾಡೋಣ ಎಂದ ದಿನ ತಂಡವೇ ಇರುವುದಿಲ್ಲ. ಅದಕ್ಕಾಗಿ ಅಳುವ ಊರೂ ಇರುವುದಿಲ್ಲ, ಏಕೆಂದರೆ ತಂಡದ ಹೆಸರಿನಲ್ಲಿ ಊರೇ ಇರಲಿಲ್ಲ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಸೈನಿಕ ತಂಡಗಳ ಕೈಯಲ್ಲೇ ಇದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಅದು. ಮರುವರ್ಷವೂ ಅದೇ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ತಂದಿತು, ಕೊನೆಯದು 1968-69ರಲ್ಲಿ. ಆಮೇಲೆ ಬಂದ ಬರ ಎಷ್ಟು ಉದ್ದದ್ದೆಂದರೆ, ಕರ್ನಾಟಕ ಎಂಬ ಹೆಸರಿನಲ್ಲಿ ಆ ಟ್ರೋಫಿ ಮನೆಗೆ ಬಂದದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ಮೇಲೆ.

ಕಲಬುರಗಿಯ ಹಳಬರಿಗೆ ಫುಟ್‌ಬಾಲ್ ಎಂದರೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. 1956ರ ನವೆಂಬರ್ ಒಂದರವರೆಗೆ ನಾವು ಹೈದರಾಬಾದ್ ರಾಜ್ಯದವರು. ಆ ರಾಜಧಾನಿಯ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಬಿಟ್ಟುಕೊಡಲಿಲ್ಲ. ಅದರ ಕೋಚ್ ಸಯ್ಯದ್ ಅಬ್ದುಲ್ ರಹೀಂ ಭಾರತ ತಂಡಕ್ಕೂ ಕೋಚ್ ಆಗಿ 1951 ಮತ್ತು 1962ರ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ತಂದರು. 1962ರಲ್ಲಿ ನಮ್ಮವರು ದಾರಿಯಲ್ಲಿ ಜಪಾನನ್ನು 2-0ಯಿಂದ ಸೋಲಿಸಿದ್ದರು. ಅಲ್ಲಿಂದ ಮುಂದೆ ಎರಡು ದೇಶಗಳ ದಾರಿ ಹೇಗೆ ಬೇರೆಯಾಯಿತು ಎಂದು ನೋಡಿದರೆ ಬೆಂಗಳೂರು ಎಫ್‌ಸಿಯ ಬೆಲೆ ತಿಳಿಯುತ್ತದೆ.

ಜಪಾನಿನಲ್ಲೂ ಆಗ ಇದ್ದದ್ದು ಕಂಪನಿ ತಂಡಗಳೇ. 1965ರಲ್ಲಿ ಶುರುವಾದ ಅವರ ರಾಷ್ಟ್ರೀಯ ಲೀಗ್‌ನ ಎಂಟು ತಂಡಗಳಲ್ಲಿ ಮಿತ್ಸುಬಿಷಿ, ಹಿಟಾಚಿ, ಯಾನ್ಮಾರ್, ಫುರುಕಾವಾ ಎಲೆಕ್ಟ್ರಿಕ್, ಯವಾಟಾ ಸ್ಟೀಲ್ ಇದ್ದವು. ನಮ್ಮ ಐಟಿಐ, ಎಚ್‌ಎಎಲ್‌ಗಳ ಹಾಗೇ: ಹಗಲು ಕಚೇರಿ, ಸಂಜೆ ಅಭ್ಯಾಸ. 1993ರಲ್ಲಿ ಅಲ್ಲಿ ಜೆ-ಲೀಗ್ ಎಂಬ ವೃತ್ತಿಪರ ಲೀಗ್ ಹತ್ತು ತಂಡಗಳೊಂದಿಗೆ ಆರಂಭವಾಯಿತು. ಅದರ ಮೊದಲ ಅಧ್ಯಕ್ಷ ಸಬುರೊ ಕವಾಬುಚಿ ಸ್ವತಃ ಫುರುಕಾವಾ ತಂಡದಲ್ಲಿ ಆಡಿದವರು. ಅವರು ಹಿಡಿದ ಹಟ ಒಂದು: ತಂಡದ ಹೆಸರಿನಲ್ಲಿ ಕಂಪನಿ ಇರಕೂಡದು, ಊರು ಇರಬೇಕು. ಮಿತ್ಸುಬಿಷಿ ತಂಡ ಉರಾವಾ ಆಯಿತು, ನಿಸ್ಸಾನ್ ತಂಡ ಯೊಕೊಹಾಮಾ ಆಯಿತು. ದೊಡ್ಡ ಪತ್ರಿಕಾ ಸಂಸ್ಥೆ ಯೊಮಿಯುರಿ ಇದನ್ನು ಬಲವಾಗಿ ವಿರೋಧಿಸಿತು. ಕವಾಬುಚಿ ಬಗ್ಗಲಿಲ್ಲ.

ಕಮಲಾಪುರದ ಕೆಂಪು ಬಾಳೆಯನ್ನು ಕೊಳ್ಳುವವರು ಅದನ್ನು ಯಾವ ದಲಾಲಿ ಮಾರಿದ ಎಂದು ಕೇಳುವುದಿಲ್ಲ, ಕಮಲಾಪುರದ್ದೇ ಹೌದೇ ಎಂದು ಕೇಳುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದೂ ಆ ಕೆಂಪು ಮಣ್ಣಿನ ಹೆಸರಿಗೇ. ವ್ಯಾಪಾರಿ ಬದಲಾದರೂ ಹಣ್ಣು ಕಮಲಾಪುರದ್ದೇ. ಕವಾಬುಚಿ ಫುಟ್‌ಬಾಲ್ ತಂಡಗಳಿಗೆ ಮಾಡಿದ್ದು ಇದನ್ನೇ.

ಅದರ ಫಲ ನೋಡಬೇಕಾದರೆ ಕಾಶಿಮಾ ಎಂಬ ಊರಿಗೆ ಹೋಗಬೇಕು. ಟೋಕಿಯೊದ ಪೂರ್ವಕ್ಕೆ, ಸಮುದ್ರದ ದಂಡೆಯಲ್ಲಿ, ಲೀಗ್ ಶುರುವಾಗುವಾಗ ಸುಮಾರು 45 ಸಾವಿರ ಜನ ಇದ್ದ ಪಟ್ಟಣ. ಅಲ್ಲಿ ಸುಮಿಟೊಮೊ ಮೆಟಲ್ ಎಂಬ ಉಕ್ಕಿನ ಕಂಪನಿಯ ಕಾರ್ಖಾನೆ. ಕಂಪನಿಯ ಫುಟ್‌ಬಾಲ್ ತಂಡ ಒಸಾಕಾದಲ್ಲಿ 1947ರಲ್ಲಿ ಹುಟ್ಟಿ, 1975ರಲ್ಲಿ ಕಾಶಿಮಾಕ್ಕೆ ಬಂದಿತ್ತು; ಜೆ-ಲೀಗ್ ತಂಡಗಳನ್ನು ಆರಿಸುವಾಗ ಅದು ಇದ್ದದ್ದು ಎರಡನೇ ದರ್ಜೆಯಲ್ಲಿ. ನಿಮಗೆ ಅವಕಾಶವೇ ಇಲ್ಲವೆಂಬಷ್ಟು ಕಡಿಮೆ ಎಂದು ಕವಾಬುಚಿ ಅವರಿಗೆ ಮುಖದ ಮೇಲೆ ಹೇಳಿದ್ದರಂತೆ. ಛಾವಣಿ ಇರುವ, 15 ಸಾವಿರ ಜನ ಕೂರುವ, ಫುಟ್‌ಬಾಲ್‌ಗೆಂದೇ ಕಟ್ಟಿದ ಕ್ರೀಡಾಂಗಣ ಇದ್ದರೆ ಮಾತ್ರ ನೋಡೋಣ ಎಂದರಂತೆ. ಅವರು ಕಟ್ಟಿಯೇಬಿಟ್ಟರು. ಬ್ರೆಜಿಲ್‌ನ ಜೀಕೊ 1991ರಲ್ಲಿ ಬಂದರು. 1993ರ ಮೇ 16ರಂದು ತಮ್ಮೂರಿನ ಮೊದಲ ಜೆ-ಲೀಗ್ ಪಂದ್ಯದಲ್ಲಿ ಕಾಶಿಮಾ ಆ್ಯಂಟ್ಲರ್ಸ್ ನಗೋಯಾ ತಂಡವನ್ನು 5-0ಯಿಂದ ಸೋಲಿಸಿತು. ಜೀಕೊ ಮೂರು ಗೋಲು ಹೊಡೆದರು. 2016ರ ಹೊತ್ತಿಗೆ ಎಂಟು ಲೀಗ್ ಪ್ರಶಸ್ತಿ. ಅದೇ ವರ್ಷ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಒಂದು ಹಂತದಲ್ಲಿ 2-1ರಿಂದ ಮುಂದಿದ್ದರು. ಸೋತದ್ದು ಹೆಚ್ಚುವರಿ ಅವಧಿಯಲ್ಲಿ. 2019ರಲ್ಲಿ ಉಕ್ಕಿನ ಕಂಪನಿ ತನ್ನ ಬಹುಪಾಲು ಷೇರನ್ನು ಮೆರ್ಕಾರಿ ಎಂಬ ಆನ್‌ಲೈನ್ ಮಾರಾಟದ ಸಂಸ್ಥೆಗೆ ಮಾರಿತು. ತಂಡ ಕಾಶಿಮಾದಲ್ಲೇ ಉಳಿಯಿತು.

ಇನ್ನು ನಮ್ಮ ಉಕ್ಕಿನ ತಂಡ. 2013ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಐ-ಲೀಗ್‌ಗೆ ನೇರ ಪ್ರವೇಶ ಕೊಟ್ಟಾಗ ಜೆಎಸ್‌ಡಬ್ಲ್ಯು ತನ್ನ ಹೆಸರನ್ನು ತಂಡಕ್ಕೆ ಇಡಲಿಲ್ಲ, ಊರಿನ ಹೆಸರಿಟ್ಟಿತು. ಅದೂ ‘ಬ್ಯಾಂಗಲೋರ್’ ಅಲ್ಲ, ಬೆಂಗಳೂರು. ಕ್ಲಬ್ಬಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಕೋಚ್ ಆಗಿ ಬಂದವರು ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್. ನಾಯಕ ಸುನಿಲ್ ಛೆಟ್ರಿ. ಹುಟ್ಟಿದ್ದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸೆಪ್ಟೆಂಬರ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ನಡೆದ ಮೊದಲ ಪಂದ್ಯ 1-1 ಡ್ರಾ. ಮುಂದಿನ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಮಣಿಸಿ, ಆಡಿದ ಮೊದಲ ವರ್ಷವೇ ಲೀಗ್ ಚಾಂಪಿಯನ್.

ಆ ಮೊದಲ ವರ್ಷವೇ ಗ್ಯಾಲರಿಯ ಪಶ್ಚಿಮ ಭಾಗದಲ್ಲಿ ಒಂದು ಗುಂಪು ಸೇರತೊಡಗಿತು. ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರಿಟ್ಟುಕೊಂಡ ಈ ಅಭಿಮಾನಿಗಳು ಪಂದ್ಯದುದ್ದಕ್ಕೂ ಹಾಡಿದರು. ತಂಡ ಕಂಠೀರವಕ್ಕೆ ಹೋದಾಗ ಹೆಸರು ಹೊತ್ತುಕೊಂಡೇ ಅವರೂ ಹೋದರು. ಕಂಠೀರವ ಅಥ್ಲೆಟಿಕ್ಸ್‌ಗೆಂದು ಕಟ್ಟಿದ್ದು. ಓಟದ ಟ್ರ್ಯಾಕು ನಡುವೆ ಬಂದು ಮೈದಾನ ದೂರವಾಗುತ್ತದೆ, ಓಟಗಾರರಿಗೂ ಫುಟ್‌ಬಾಲಿಗೂ ಜಾಗದ ಜಗಳ ಬಹಳ ದಿನ ನಡೆಯಿತು. ಆದರೂ ಆ ಟ್ರ್ಯಾಕಿನ ಆಚೆಯಿಂದ ದನಿ ಮುಟ್ಟುತ್ತದೆ. ತಂಡ ಕಂಪನಿಯ ಕೈಯಿಂದ ಊರಿನ ಕೈಗೆ ದಾಟಿದ್ದು ಈ ಗ್ಯಾಲರಿಯಲ್ಲೇ.

2016ರ ಅಕ್ಟೋಬರ್ 19ರ ರಾತ್ರಿ ಆ ದನಿಗೆ ಒಂದು ಇತಿಹಾಸ ಸಿಕ್ಕಿತು. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಾಝಿಂ, ಹಾಲಿ ಚಾಂಪಿಯನ್. ಅಲ್ಲಿ 1-1 ಮಾಡಿಕೊಂಡು ಬಂದಿದ್ದ ಬೆಂಗಳೂರು ಇಲ್ಲಿ ಮೊದಲು ಗೋಲು ಬಿಟ್ಟುಕೊಟ್ಟಿತು. ಛೆಟ್ರಿ ಸಮ ಮಾಡಿದರು, ಮತ್ತೊಂದು ಹೊಡೆದರು, ಹುವಾನನ್ ಮೂರನೆಯದು. 3-1. ಭಾರತದ ಯಾವ ಕ್ಲಬ್ಬೂ ಅದುವರೆಗೆ ಆ ಟೂರ್ನಿಯ ಫೈನಲ್ ಕಂಡಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡ ಅಲ್-ಕುವಾ ಅಲ್-ಜವಿಯಾ 1-0ಯಿಂದ ಗೆದ್ದಿತು. ನನ್ನ ದೃಷ್ಟಿಯಲ್ಲಿ ಕ್ಲಬ್ಬಿನ ಎಲ್ಲ ಕಪ್‌ಗಳಿಗಿಂತ ಆ ಸೋಲು ತೂಕದ್ದು; ಸ್ಪೇನಿನ ಕೋಚ್ ಆಲ್ಬರ್ಟ್ ರೋಕಾ ಬಂದ ಕೆಲವೇ ತಿಂಗಳಲ್ಲಿ ಮುಟ್ಟಿದ ಎತ್ತರ ಅದು.

ಉಳಿದ ಲೆಕ್ಕ ಬೇಗ ಹೇಳಬಹುದು. 2015-16ರಲ್ಲಿ ಎರಡನೇ ಐ-ಲೀಗ್. ಎರಡು ಫೆಡರೇಷನ್ ಕಪ್. 2017-18ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ ಬಂದ ಮೊದಲ ಸಲವೇ ಫೈನಲ್; ಸ್ವಂತ ಮೈದಾನದಲ್ಲಿ ಚೆನ್ನೈಯಿನ್ ಎದುರು 3-2ರ ಸೋಲು. ಮರುವರ್ಷ ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟು ಟ್ರೋಫಿ ತಂದರು. 2022ರಲ್ಲಿ ಕೋಲ್ಕತ್ತದಲ್ಲಿ ಡುರಾಂಡ್ ಕಪ್. 2025ರ ಏಪ್ರಿಲ್‌ನಲ್ಲಿ ಮತ್ತೆ ಲೀಗ್ ಫೈನಲ್, ಮೋಹನ್ ಬಾಗಾನ್ ಎದುರು ಹೆಚ್ಚುವರಿ ಅವಧಿಯಲ್ಲಿ ಸೋಲು. ನಲವತ್ತು ದಾಟಿದ ಛೆಟ್ರಿ ಆ ಸಾಲಿನಲ್ಲಿ 14 ಗೋಲು ಹೊಡೆದಿದ್ದರು.

ಅದಾದ ನಾಲ್ಕೇ ತಿಂಗಳಿಗೆ, ಲೀಗ್‌ನ ಹಕ್ಕುಗಳ ಒಪ್ಪಂದ ಇತ್ಯರ್ಥವಾಗದೆ ಸಾಲು ಯಾವಾಗ ಶುರುವಾಗುತ್ತದೆಂದೇ ತಿಳಿಯದಿದ್ದಾಗ, ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಅದೇ ವರ್ಷ ನಮಗೆ ಹತ್ತಿರದ ದೊಡ್ಡ ಕ್ಲಬ್, 2022ರಲ್ಲಿ ಲೀಗ್ ಗೆದ್ದಿದ್ದ ಹೈದರಾಬಾದ್ ಎಫ್‌ಸಿ, ಹೆಸರು ಬದಲಿಸಿಕೊಂಡು ದೆಹಲಿಗೆ ಹೊರಟುಹೋಯಿತು. ರಹೀಂ ಸಾಹೇಬರ ಊರು ಖಾಲಿಯಾಯಿತು. ಹೆಸರಿನಲ್ಲಿ ಊರು ಇದ್ದರಷ್ಟೇ ಸಾಲದು ಎಂಬುದು ಇದರಿಂದ ಸ್ಪಷ್ಟ. ಜಪಾನಿನಲ್ಲೂ ಇಂಥ ಪೆಟ್ಟು ಬಿದ್ದಿದೆ: ವಿಮಾನ ಕಂಪನಿಯ ಬೆಂಬಲದ ಯೊಕೊಹಾಮಾ ಫ್ಲ್ಯೂಗೆಲ್ಸ್ ತಂಡವನ್ನು 1998ರಲ್ಲಿ ಅದೇ ಊರಿನ ಇನ್ನೊಂದು ತಂಡದಲ್ಲಿ ವಿಲೀನ ಮಾಡಿದರು. 1999ರ ಜನವರಿ 1ರಂದು, ತಮ್ಮ ಕೊನೆಯ ಪಂದ್ಯದಲ್ಲಿ, ಆ ಆಟಗಾರರು ಎಂಪರರ್ಸ್ ಕಪ್ ಗೆದ್ದು ಚದುರಿದರು. ಅಭಿಮಾನಿಗಳು ಚದುರಲಿಲ್ಲ. ತಾವೇ ಹಣ ಹಾಕಿ ಯೊಕೊಹಾಮಾ ಎಫ್‌ಸಿ ಎಂಬ ಹೊಸ ಕ್ಲಬ್ ಕಟ್ಟಿದರು. 2007ರಲ್ಲಿ ಅದು ಮೊದಲ ದರ್ಜೆ ತಲುಪಿತು.

ಕಲಬುರಗಿಯ ಹೆಸರಿನಲ್ಲೂ ಒಂದು ತಂಡ ಚಾಂಪಿಯನ್ ಆಗಿದೆ. ಕ್ರಿಕೆಟ್‌ನಲ್ಲಿ. ಗುಲ್ಬರ್ಗ ಮಿಸ್ಟಿಕ್ಸ್ 2022ರಲ್ಲಿ ಮಹಾರಾಜ ಟ್ರೋಫಿ ಗೆದ್ದಿತು. ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಇಲ್ಲಿಯ ಹುಡುಗರು ತಮ್ಮೂರಿನ ತಂಡ ಗೆದ್ದದ್ದನ್ನು ಮೊಬೈಲ್‌ನಲ್ಲಿ ನೋಡಿದರು. ಬೆಂಗಳೂರು ಎಫ್‌ಸಿಯ ಆಟ ನೋಡಲು ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಳಿಯಬೇಕು. ನೋಡಲೇಬೇಕಾದದ್ದು, ಒಮ್ಮೆಯಾದರೂ ಹೋಗಿ ಬನ್ನಿ. ಆದರೆ ಅಷ್ಟರಿಂದ ಈ ಜಿಲ್ಲೆಯ ಫುಟ್‌ಬಾಲ್ ಬೆಳೆಯುವುದಿಲ್ಲ.

ಕಾಶಿಮಾಕ್ಕೆ ಉಕ್ಕು ಇತ್ತು, ಬೆಂಗಳೂರಿಗೆ ತೋರಣಗಲ್ಲಿನ ಉಕ್ಕು ಸಿಕ್ಕಿತು. ನಮ್ಮ ಜಿಲ್ಲೆಯ ಸುಣ್ಣಕಲ್ಲು ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಆಗಿ ದೇಶಕ್ಕೆಲ್ಲ ಹೋಗುತ್ತಿದೆ. ಆ ಕಾರ್ಖಾನೆಗಳಲ್ಲಿ ಒಂದಾದರೂ ಮುಂದೆ ಬಂದು, ತನ್ನ ಹೆಸರು ಬದಿಗಿಟ್ಟು, ಕಲಬುರಗಿ ಎಂಬ ಹೆಸರಿನಲ್ಲಿ ಹದಿಮೂರು, ಹದಿನೈದು ವರ್ಷದವರ ತಂಡ ಕಟ್ಟಬೇಕು. ತರಬೇತಿ ಪಡೆದ ಕೋಚ್‌ಗೆ ಪೂರ್ಣಾವಧಿ ಸಂಬಳ ಕೊಡಬೇಕು. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ವಾರಕ್ಕೆ ಇಷ್ಟು ಗಂಟೆ ಎಂದು ಫುಟ್‌ಬಾಲ್‌ಗೆ ಹೊತ್ತು ಗೊತ್ತುಮಾಡಬೇಕು. ಬೀದರ್ ಮಾರ್ಗದ ರೈಲು 2017ರಿಂದ ಕಮಲಾಪುರದ ಮೇಲೇ ಓಡುತ್ತಿದೆ. ಅಲ್ಲಿಯ ಶಾಲಾ ಮಕ್ಕಳು ಅಭ್ಯಾಸಕ್ಕೆ ಬಂದು ಹೋಗುವಂತೆ ಹೊತ್ತು ಹೊಂದಿಸುವುದು ಕಷ್ಟದ ಕೆಲಸವಲ್ಲ. ಗ್ಯಾಲರಿ ತುಂಬುವ ಕೆಲಸವನ್ನು ಊರು ನೋಡಿಕೊಳ್ಳುತ್ತದೆ.