ಗುಳಿಗೆ ನಿಲ್ಲಿಸಿದ್ದು ಯಾಕೆ?

ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಎಂಟನೇ ತರಗತಿಯ ಹುಡುಗನೊಬ್ಬ ಬಿದ್ದ, ಕೈಕಾಲು ಸೆಳೆಯತೊಡಗಿದವು. ಉಳ್ಳಾಗಡ್ಡಿ ಮೂಸಸ್ರಿ, ಕೈಯಾಗ ಕೀಲಿ ಕೊಡ್ರಿ ಅಂತ ಮಂದಿ ಸೇರಿದರು. ನಾನು ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡುತ್ತ ಕೂತೆ. ಬಾಯಲ್ಲಿ ಏನೂ ಇಡಬಾರದು, ಅದುಮಿ ಹಿಡಿಯಬಾರದು. 5 ನಿಮಿಷ ದಾಟಿದರೆ ದವಾಖಾನೆ. ಪುಣ್ಯಕ್ಕೆ ಎರಡೇ ನಿಮಿಷಕ್ಕೆ ನಿಂತಿತು.

ಮಧ್ಯಾಹ್ನ ಬಂದ ತಂದೆ ಹೇಳಿದ್ದು ಇಷ್ಟು: "ಸರ, ಆ ಗುಳಿಗಿಯಿಂದ ಮೆದುಳಿನ ರಚನಾನೇ ಕೆಡತದಂತ ಯಾರೋ ಅಂದ್ರು. ಹತ್ತು ದಿನದ ಹಿಂದ ನಿಲ್ಲಿಸೀವಿ."

ಈ ಮಾತಿನಲ್ಲಿ ಎರಡು ಬೇರೆ ಸಂಗತಿ ಕಲಸಿಕೊಂಡಿವೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಪಾಲಕರು ಡಾಕ್ಟರಿಗಿಂತ ಮೊದಲು ನಮ್ಮನ್ನೇ ಕೇಳುತ್ತಾರೆ, ಹಾಗಾಗಿ ನೀವೂ ತಿಳಿದಿರಬೇಕು.

ಈ ಹುಡುಗನ ಎಂಆರ್‌ಐ ವರದಿಯಲ್ಲಿ ಮೆದುಳಿನ ಹೊರಪದರದ ಒಂದು ತುಣುಕು ಸರಿಯಾಗಿ ರೂಪುಗೊಂಡಿಲ್ಲ ಎಂದಿದೆ. ಅದು ಗುಳಿಗೆಯ ಕೆಲಸವಲ್ಲ, ಹುಟ್ಟುವ ಮೊದಲೇ ಆದದ್ದು. ಗರ್ಭದಲ್ಲಿ ನರಕೋಶಗಳು ಮೆದುಳಿನ ಒಳಭಾಗದಲ್ಲಿ ಹುಟ್ಟಿ ಹೊರಪದರದ ಕಡೆ ಪ್ರಯಾಣ ಮಾಡುತ್ತವೆ. ಕೆಲವು ದಾರಿಯಲ್ಲೇ ಉಳಿದರೆ, ಅಥವಾ ಮುಟ್ಟಿದರೂ ಪದರ ಪದರವಾಗಿ ಜೋಡಣೆಯಾಗದಿದ್ದರೆ, ಆ ಜಾಗದಿಂದ ವಿದ್ಯುತ್ ಸಂಕೇತಗಳು ಅಂಕೆ ಮೀರಿ ಚಿಮ್ಮಬಹುದು. ಗುಳಿಗೆ ಆ ಜೋಡಣೆಯನ್ನು ಸರಿಮಾಡುವುದಿಲ್ಲ. ಕಾರ್ಬಮಜೆಪಿನ್ ನರಕೋಶದ ಸೋಡಿಯಂ ಬಾಗಿಲುಗಳನ್ನು ತಡೆಯುತ್ತದೆ. ಕ್ಲೋಬಜಾಮ್ ನರಗಳನ್ನು ಶಾಂತಗೊಳಿಸುವ ಗಾಬಾಕ್ಕೆ ಬಲ ಕೊಡುತ್ತದೆ. ತಡೆಯನ್ನು ಒಮ್ಮೆಲೆ ತೆಗೆದರೆ ಏನಾಗುತ್ತದೆಂದು ನಮ್ಮ ಅಂಗಳದಲ್ಲೇ ನೋಡಿದೆವು. ಸೆಳೆತ ನಿಲ್ಲದೆ ಜೀವಕ್ಕೇ ಕುತ್ತು ಬರುವುದೂ ಉಂಟು.

ಹಾಗಾದರೆ ಆ "ಯಾರೋ" ಹೇಳಿದ್ದು ಪೂರ್ತಿ ಸುಳ್ಳೇ? ಅಲ್ಲ. ವಾಲ್ಪ್ರೊಯೇಟ್ ತಗೊಳ್ಳುವ ತಾಯಿಯ ಗರ್ಭದ ಕೂಸಿಗೆ ಅಪಾಯವಿದೆ: ಅಂಥ 100 ಕೂಸುಗಳಲ್ಲಿ ಸುಮಾರು 10ಕ್ಕೆ ದೊಡ್ಡ ಜನ್ಮದೋಷ, ಕೆಲವಕ್ಕೆ ಬೆನ್ನುಹುರಿಯ ನಾಳವೇ ಮುಚ್ಚಿಕೊಳ್ಳುವುದಿಲ್ಲ. ಆ ನಾಳ ಮುಚ್ಚುವುದು ಗರ್ಭ ನಿಂತ ಮೊದಲ 28 ದಿನಗಳಲ್ಲಿ, ಎಷ್ಟೋ ತಾಯಂದಿರಿಗೆ ಗರ್ಭ ಗೊತ್ತಾಗುವ ಮೊದಲೇ. ಹೀಗಾಗಿ ಈ ಗುಳಿಗೆ ನುಂಗುವ ಹೆಣ್ಣುಮಕ್ಕಳು ದೊಡ್ಡವರಾಗುತ್ತಿದ್ದಂತೆ ಡಾಕ್ಟರ ಹತ್ತಿರ ಮಾತಾಡಿ ಬದಲಿಸಿಕೊಳ್ಳಬೇಕು, ತಾವೇ ನಿಲ್ಲಿಸಬಾರದು. ಆದರೆ ಹುಟ್ಟಿ ಬೆಳೆದ ಹುಡುಗನಿಗೆ ಈ ಲೆಕ್ಕ ಅನ್ವಯಿಸದು.

ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಿಮ್ಹಾನ್ಸ್ ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 1000 ಮಂದಿಗೆ ಸುಮಾರು 9 ಮಂದಿಗೆ ಮೂರ್ಛೆರೋಗ ಕಂಡಿತ್ತು. ಹಳ್ಳಿಗಳಲ್ಲಿ ಪೇಟೆಯ ಎರಡರಷ್ಟು. ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಫಿನೊಬಾರ್ಬಿಟಾಲ್, ಫೆನಿಟಾಯಿನ್‌ನಂಥ ಅಗ್ಗದ ಗುಳಿಗೆಗಳಿಂದಲೇ ಬಹಳ ಮಂದಿಗೆ ಹತೋಟಿ ಸಾಧ್ಯವೆಂದು ತೋರಿಸಿದರು (2001). ರಚನಾದೋಷವಿದ್ದ ಮಕ್ಕಳಿಗೆ ಮಾತ್ರ ಇದು ಕಷ್ಟ. ತಕ್ಕ ಎರಡು ಔಷಧಿ ಸರಿಯಾಗಿ ಕೊಟ್ಟರೂ ನಿಲ್ಲದಿದ್ದರೆ ಮೂರನೆಯದು ಕೈಹಿಡಿಯುವ ಸಾಧ್ಯತೆ ಕಡಿಮೆ; ಆಗ ದೋಷವಿರುವ ತುಣುಕನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದೇ ಎಂದು ದೊಡ್ಡ ಆಸ್ಪತ್ರೆಯಲ್ಲಿ ನೋಡುತ್ತಾರೆ.

ಇನ್ನೊಂದು ಮಾತು, ಹೇಳಲು ಸಂಕೋಚವಾದರೂ. ಈ ಹುಡುಗ ಪಾಠದಲ್ಲಿ ತೂಕಡಿಸುತ್ತಾನೆ ಅಂತ ಎರಡು ಸಲ ಬೈದು ಹಿಂದಿನ ಬೆಂಚಿಗೆ ಕಳಿಸಿದ್ದೆ. ಇಂಥ ಗುಳಿಗೆಗಳಿಂದ ಮಂಪರು ಬರುತ್ತದೆ. ಲೆವೆಟಿರಾಸಿಟಾಮ್ ಆದರೆ ಕೆಲ ಮಕ್ಕಳಿಗೆ ಸಿಟ್ಟು ಹೆಚ್ಚುತ್ತದೆ. ತಂದೆ ಮರುದಿನವೇ ಡಾಕ್ಟರ ಕಡೆ ಹೋಗಿ ಗುಳಿಗೆ ಮತ್ತೆ ಶುರುಮಾಡಿದ್ದಾರೆ. ಹುಡುಗ ಈಗಲೂ ಮೂರನೇ ಪೀರಿಯಡ್‌ನಲ್ಲಿ ತೂಕಡಿಸುತ್ತಾನೆ. ಮುಂದಿನ ಬೆಂಚಿನಲ್ಲಿ.